ದೇವರ ಹಾಡಿಗೆ ಯಾವ ವೇದಿಕೆ?

1938ರಲ್ಲಿ ಗಾಯಕಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಚರ್ಚಿನ ಹಾಡುಗಳನ್ನು ನ್ಯೂಯಾರ್ಕಿನ ಕಾಟನ್ ಕ್ಲಬ್ಬಿಗೆ ಒಯ್ದಾಗ ಭಕ್ತರನೇಕರು ಸಿಡಿದೆದ್ದರು. ಕುಡಿಯುವವರ ನಡುವೆ ಹಾಡಿದರೆ ದೇವರ ಹಾಡು ಮೈಲಿಗೆಯಾಗುತ್ತದೆಯೇ?

ಅರ್ಕಾನ್ಸಾದಲ್ಲಿ ಹುಟ್ಟಿ, ಧರ್ಮಪ್ರಚಾರಕಿ ತಾಯಿಯೊಡನೆ ಬಾಲ್ಯದಿಂದಲೇ ಗಿಟಾರ್ ಹಿಡಿದು ಊರೂರು ಸುತ್ತಿದವರು ರೊಸೆಟ್ಟಾ. ಅವರ ಪೆಂಟಕೋಸ್ಟಲ್ ಚರ್ಚಿನಲ್ಲಿ ಚಪ್ಪಾಳೆ, ಕುಣಿತ ಎಲ್ಲವೂ ಪ್ರಾರ್ಥನೆಯೇ. ಹಾಗಿದ್ದ ಮೇಲೆ ಆ ಲಯ ಬಾಗಿಲು ದಾಟಿದ ಕೂಡಲೇ ಪಾಪವಾಗುವುದು ಹೇಗೆ? 1956ರ ‘ಗಾಸ್ಪೆಲ್ ಟ್ರೇನ್’ ಆಲ್ಬಂ ಕೇಳಿದರೆ ಈ ಆಕ್ಷೇಪ ನಿಲ್ಲುವುದೇ ಇಲ್ಲ.

1964ರಲ್ಲಿ ಮ್ಯಾಂಚೆಸ್ಟರಿನ ಹಳೆಯ ರೈಲು ನಿಲ್ದಾಣ. ಒದ್ದೆ ಪ್ಲಾಟ್‌ಫಾರಂ, ರೊಸೆಟ್ಟಾ ಹೆಗಲಿಗೆ ಬಿಳಿ ಎಲೆಕ್ಟ್ರಿಕ್ ಗಿಟಾರ್. ಎದುರು ಪ್ಲಾಟ್‌ಫಾರಂನಲ್ಲಿ ಬ್ರಿಟಿಷ್ ಯುವಕರು. ಆಗಷ್ಟೇ ಸುರಿದ ಮಳೆಗೆ ತಕ್ಕಂತೆ ಆಕೆ ನೋಹನ ಪ್ರಳಯದ ಹಾಡನ್ನೇ ಎತ್ತಿಕೊಂಡರು. ಯಾವ ಉಪದೇಶಕ್ಕೂ ಕಡಿಮೆಯಿಲ್ಲದ ಗಳಿಗೆಯದು.

1973ರಲ್ಲಿ ಆಕೆ ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಆಕೆಯನ್ನು ಸೇರಿಸಿಕೊಂಡದ್ದು 2018ರಲ್ಲಿ.