ಕೊಟ್ಟ ಮಾತು ಮತ್ತು ಮೂವತ್ತನೆಯ ಪಂದ್ಯ

2020ರ ಅಕ್ಟೋಬರ್ 24ರಂದು ಅಬುಧಾಬಿಯಲ್ಲಿ ಖಬೀಬ್ ನುರ್ಮಗೊಮೆಡೊವ್ ಅಮೆರಿಕದ ಜಸ್ಟಿನ್ ಗೇತ್ಜಿಯ ಕತ್ತನ್ನು ಕಾಲುಗಳ ಪಟ್ಟಿನಲ್ಲಿ ಬಿಗಿದು ಎರಡನೆಯ ಸುತ್ತಿನಲ್ಲೇ ಗೆದ್ದರು. ಆಮೇಲೆ ಅಖಾಡದ ನಡುವೆ ಕುಸಿದು ಅತ್ತರು, ಕೈಗವಸು ಕಳಚಿ ನೆಲದ ಮೇಲಿಟ್ಟರು, ಇದೇ ನನ್ನ ಕೊನೆಯ ಪಂದ್ಯ ಎಂದರು. ಆಗ ಅವರಿಗೆ 32 ವರ್ಷ. ಮಿಶ್ರ ಸಮರಕಲೆಯ ಪಂದ್ಯಗಳನ್ನು ನಡೆಸುವ ಯುಎಫ್‌ಸಿ ಸಂಸ್ಥೆಯ ಲೈಟ್‌ವೇಟ್ ಚಾಂಪಿಯನ್. ಆಡಿದ 29 ಪಂದ್ಯಗಳಲ್ಲಿ ಒಂದನ್ನೂ ಸೋತವರಲ್ಲ. ಕನ್ನಡದ ಓದುಗರಿಗೆ ಇಲ್ಲಿ ಬಾಹುಬಲಿ ನೆನಪಾಗುವುದು ಸಹಜ: ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಮೇಲೆತ್ತಿದವನು ಗೆದ್ದ ಗಳಿಗೆಯಲ್ಲೇ ರಾಜ್ಯವನ್ನು ಬಿಟ್ಟುಕೊಟ್ಟ. ಆದರೆ ಬಾಹುಬಲಿಗೆ ಗೆಲುವಿನ ಮೇಲೇ ಜುಗುಪ್ಸೆ ಹುಟ್ಟಿತ್ತು. ಖಬೀಬ್‌ಗೆ ಹಾಗಾಗಿರಲಿಲ್ಲ. ಬೇಡವಾದದ್ದನ್ನು ಬಿಡುವುದು ವೈರಾಗ್ಯ. ಇನ್ನೂ ಬೇಕೆನಿಸುವುದನ್ನು ಕೊಟ್ಟ ಮಾತಿಗಾಗಿ ಬಿಡುವುದು ಬೇರೆಯೇ ಒಂದು ಧರ್ಮ. ಸಂಸಾರದಲ್ಲಿರುವವರಿಗೆ ಎರಡನೆಯದೇ ಹೆಚ್ಚು ಹತ್ತಿರದ್ದು, ಹೆಚ್ಚು ಕಠಿಣವಾದದ್ದು ಎಂಬುದು ನನ್ನ ವಾದ.

ರಷ್ಯಾದ ದಾಗೆಸ್ತಾನದ ಸಿಲ್ಡಿ ಎಂಬ ಹಳ್ಳಿಯಲ್ಲಿ ಹುಟ್ಟಿದ ಖಬೀಬ್‌ಗೆ ತಂದೆ ಅಬ್ದುಲ್‌ಮನಾಪ್ ಅವರೇ ಗುರು. ಕುಸ್ತಿಯ ಮೊದಲ ಪಟ್ಟುಗಳನ್ನು ಕಲಿಸಿದವರು ಅವರು. 2020ರ ಜುಲೈನಲ್ಲಿ, ಕೋವಿಡ್‌ನಿಂದ ಉಲ್ಬಣಿಸಿದ ತೊಂದರೆಗಳಿಂದಾಗಿ ತೀರಿಕೊಂಡರು. ತಂದೆಯಿಲ್ಲದೆ ಮಗ ಅಖಾಡಕ್ಕಿಳಿಯುವುದು ತಾಯಿಗೆ ಇಷ್ಟವಿರಲಿಲ್ಲ. ಮೂರು ದಿನ ಮಾತಾಡಿ, ಇದೊಂದೇ, ಇದೇ ಕೊನೆ ಎಂದು ಮಾತು ಕೊಟ್ಟು ಒಪ್ಪಿಸಿದ್ದಾಗಿ ಪಂದ್ಯ ಮುಗಿದ ಮೇಲೆ ಖಬೀಬ್ ಅವರೇ ಹೇಳಿದರು. ಮನಸ್ಸನ್ನು ಕಲಕುವ ಸಂಗತಿ ಇನ್ನೊಂದಿದೆ. ಮಗನ ಲೆಕ್ಕ 30ಕ್ಕೆ ಮುಟ್ಟಬೇಕು, ಆ ಕೊನೆಯ ಪಂದ್ಯ ಕೆನಡಾದ ಜಾರ್ಜ್ ಸೇಂಟ್-ಪಿಯರ್ ಜೊತೆ ನಡೆಯಬೇಕು ಎಂಬುದು ತಂದೆಯ ಆಸೆಯಾಗಿತ್ತು. ಹೀಗೆ ಒಂದು ಕಡೆ ತೀರಿಹೋದ ತಂದೆಯ ಆಸೆ, ಇನ್ನೊಂದು ಕಡೆ ಬದುಕಿರುವ ತಾಯಿಗೆ ಕೊಟ್ಟ ಮಾತು. ಖಬೀಬ್ ಮಾತನ್ನು ಆರಿಸಿಕೊಂಡರು. ಮಾತಿಗೆ ಮುಂದೆ ಉತ್ತರ ಹೇಳಬೇಕಾಗುತ್ತದೆ ಎಂದು ಕುರಾನ್ ಎಚ್ಚರಿಸುತ್ತದೆ. ಮುಸ್ಲಿಮರಾದ ಅವರ ನಿರ್ಧಾರದ ಹಿಂದೆ ಆ ನಂಬಿಕೆಯೂ ಇದ್ದಿರಬೇಕು.

ಹಣ, ಕೀರ್ತಿ ಎಲ್ಲವೂ ಸಿಕ್ಕಮೇಲೆ ಬಿಡುವುದರಲ್ಲೇನು ದೊಡ್ಡಸ್ತಿಕೆ ಎನ್ನಬಹುದು. ಆದರೆ ಎಲ್ಲವೂ ಸಿಕ್ಕಮೇಲೂ ಬಿಡಲಾಗದೆ ಸೋಲುತ್ತ ಉಳಿದ ಚಾಂಪಿಯನ್ನರು ಈ ಆಟದಲ್ಲಿ ಎಷ್ಟೋ ಮಂದಿ. ಅದಕ್ಕಿಂತ ಗಂಭೀರವಾದದ್ದು ಧರ್ಮದ ಆಕ್ಷೇಪ: ಕಾದಾಡುವಾಗಲೂ ಮುಖಕ್ಕೆ ಹೊಡೆಯಬೇಡಿ ಎನ್ನುವ ಹದೀಸ್ ಇರುವಾಗ, ಎದುರಾಳಿಯನ್ನು ನೆಲಕ್ಕೆ ಕೆಡವಿ ಮುಖಕ್ಕೆ ಗುದ್ದುವುದನ್ನೇ ಕಸುಬಾಗಿಸಿಕೊಂಡವರ ಭಕ್ತಿಯನ್ನು ಹೇಗೆ ನಂಬುವುದು? ಇದಕ್ಕೆ ಪೂರ್ಣ ಸಮಾಧಾನ ನನ್ನಲ್ಲಿಲ್ಲ, ಇದೆಯೆಂದು ನಟಿಸಲೂಬಾರದು. 2018ರ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಕಾನರ್ ಮೆಕ್‌ಗ್ರೆಗರ್‌ನನ್ನು ಸೋಲಿಸಿದ ಕೂಡಲೇ ಅವರು ಬೇಲಿ ಹಾರಿ, ಎದುರಾಳಿಯ ತಂಡದವರ ಮೇಲೆ ಬಿದ್ದರು. ಪಂದ್ಯಕ್ಕೆ ಮೊದಲು ಮೆಕ್‌ಗ್ರೆಗರ್ ಖಬೀಬ್ ಅವರ ತಂದೆಯನ್ನೂ ಧರ್ಮವನ್ನೂ ಹೀಯಾಳಿಸಿದ್ದ, ನಿಜ. ಆದರೂ ಅದು ತಪ್ಪೇ. ಐದು ಲಕ್ಷ ಡಾಲರ್ ದಂಡ, ಒಂಬತ್ತು ತಿಂಗಳ ನಿಷೇಧ ನ್ಯಾಯವಾಗಿಯೇ ಬಿತ್ತು. ಖಬೀಬ್ ಸಂತರಲ್ಲ. ಆ ರಾತ್ರಿ ಕೆಲವು ನಿಮಿಷ ತಮ್ಮನ್ನು ಹಿಡಿದಿಟ್ಟುಕೊಳ್ಳಲಾಗದ ಮನುಷ್ಯ ಒಂದು ಮಾತಿಗೆ ವರ್ಷಗಟ್ಟಲೆ ಕಟ್ಟುಬಿದ್ದದ್ದು ಅದಕ್ಕೇ ನನಗೆ ದೊಡ್ಡದಾಗಿ ಕಾಣುತ್ತದೆ. ಕೊನೆಯ ಪಂದ್ಯದಲ್ಲಿ ಗೇತ್ಜಿಯ ತೋಳು ಮುರಿಯುವ ಪಟ್ಟೂ ಕೈಗೆ ಸಿಕ್ಕಿತ್ತು. ಅವನು ಸೋಲೊಪ್ಪುವವನಲ್ಲ, ಅವನ ಹೆತ್ತವರು ನೋಡುತ್ತಿದ್ದಾರೆ ಎಂದು ಖಬೀಬ್ ಕತ್ತಿನ ಪಟ್ಟನ್ನೇ ಹಿಡಿದರೆಂದು ಅವರ ಗೆಳೆಯ ಡೇನಿಯಲ್ ಕಾರ್ಮಿಯರ್ ಆಮೇಲೆ ತಿಳಿಸಿದರು.

ಮಾತಿಗೆ ಅಂಟಿಕೊಳ್ಳುವುದೇ ಒಳ್ಳೆಯದೆನ್ನಲಾಗದು, ಭೀಷ್ಮನ ಪ್ರತಿಜ್ಞೆ ಒಂದು ಕುಲವನ್ನೇ ತಿಂದಿತಲ್ಲ ಎಂದು ಕೇಳಿದರೆ, ಕೇಳಲೇಬೇಕಾದ ಪ್ರಶ್ನೆ ಅದು. ಪ್ರತಿಜ್ಞೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ನೋಡಿ ಅದನ್ನು ಅಳೆಯಬೇಕು. ಭೀಷ್ಮನ ಪ್ರತಿಜ್ಞೆಗೆ ಅಂಬೆ ಬೆಲೆ ತೆತ್ತಳು. ಖಬೀಬ್ ತಮ್ಮ ಮಾತಿಗೆ ತಮ್ಮದನ್ನೇ ತೆತ್ತರು. ಯುಎಫ್‌ಸಿ ಮುಖ್ಯಸ್ಥ ಡೇನಾ ವೈಟ್ ತಿಂಗಳುಗಟ್ಟಲೆ ಒತ್ತಾಯಿಸಿದರೂ ಅವರು ಮರಳಲಿಲ್ಲ. 2021ರ ಮಾರ್ಚ್‌ನಲ್ಲಿ ಪಟ್ಟ ಖಾಲಿಯೆಂದು ಘೋಷಿಸಬೇಕಾಯಿತು. ಮರುವರ್ಷದ ಅಕ್ಟೋಬರ್‌ನಲ್ಲಿ, ಅದೇ ಅಬುಧಾಬಿಯಲ್ಲಿ, ಅಬ್ದುಲ್‌ಮನಾಪ್ ಅವರ ಗರಡಿಯಲ್ಲೇ ಪಳಗಿದ ಇಸ್ಲಾಂ ಮಖಚೇವ್ ಆ ಪಟ್ಟವನ್ನು ಗೆದ್ದರು. ಖಬೀಬ್ ಆಗ ಅಖಾಡದ ಮೂಲೆಯಲ್ಲಿ ತರಬೇತುದಾರರಾಗಿದ್ದರು. ಅವರು 30ನೆಯ ಪಂದ್ಯ ಆಡಲೇ ಇಲ್ಲ.