ಉಪ್ಪನ್ನಲ್ಲ, ಸಿಹಿನೀರನ್ನು ಸುರಿಯಿರಿ



ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಗೋಪುರ ಕಟ್ಟಲು ಹೊರಟವನ ಸಾಮತಿಯನ್ನು ಹೇಳುತ್ತಾರೆ. ಬುದ್ಧಿವಂತನಾದವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ. ಲೆಕ್ಕ ಹಾಕದವನ ಗೋಪುರ ಅಡಿಪಾಯದಲ್ಲೇ ನಿಂತು, ನೋಡಿದವರ ನಗೆಗೆ ಗುರಿಯಾಗುತ್ತದೆ. ಈ ವಾರ ಆ ಸಾಮತಿಯನ್ನು ಮನೆಯ ಪಡಸಾಲೆಯಲ್ಲಿ ಇಡುವ ಒಂದು ಗಾಜಿನ ತೊಟ್ಟಿಗೆ ಹಚ್ಚಿ ನೋಡೋಣ.

ಬಣ್ಣದ ಮೀನಿನ ಸಣ್ಣ ತೊಟ್ಟಿ ನಮಗೆ ಹೊಸದಲ್ಲ. ನಾನು ಹೇಳುತ್ತಿರುವುದು ಉಪ್ಪುನೀರಿನ ಅಕ್ವೇರಿಯಂ. ಸಮುದ್ರದ ಹವಳದ ದಿಬ್ಬವನ್ನೇ ಚಿಕ್ಕದಾಗಿ ಮನೆಯೊಳಗೆ ಕಟ್ಟುವ ಕೆಲಸ. ದೊಡ್ಡ ಊರುಗಳಲ್ಲಿ ಗೋಡೆಯ ಅಳತೆ ಕೊಟ್ಟು ಇದನ್ನು ಮಾಡಿಸಿಕೊಳ್ಳುವವರಿದ್ದಾರೆ. ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟೆಯಿರುವ ಕ್ಲೌನ್ ಮೀನನ್ನು 2003ರ ‘ಫೈಂಡಿಂಗ್ ನೆಮೋ’ ಚಿತ್ರದಲ್ಲಿ ನೋಡಿದ ಮಕ್ಕಳಿಗೆ ಅದರ ಆಸೆ ಸಹಜ. ನಮ್ಮ ಮೋರಟಗಿಗೆ ಸಮುದ್ರ 300 ಕಿಲೋಮೀಟರಿಗೂ ದೂರ. ಆದರೂ ಬೆಂಗಳೂರಿನಿಂದ ರಜೆಗೆ ಬಂದ ಮಗ, “ಅಪ್ಪಾ, ನಮ್ಮ ಮನ್ಯಾಗೂ ಒಂದು ಇಡೂಣೇನು?” ಎಂದು ಕೇಳಿದರೆ ಏನು ಹೇಳುತ್ತೀರಿ? ಕೂಡಲೇ ಹೂಂ ಎನ್ನಬೇಡಿ. ಕೂಡಲೇ ಬೈಯಲೂ ಬೇಡಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹಾಕಿ.

ಮೊದಲು ಲೆಕ್ಕ

ನಮ್ಮ ಜಿಲ್ಲೆಯ ಡೋಣಿ ನದಿಯ ನೀರೂ ಉಪ್ಪು. ಸವಳು ಬಾವಿ, ಸವಳು ಬೋರ್‌ವೆಲ್ ನಮಗೆ ಗೊತ್ತು. ಆದರೆ ಸವಳು ನೀರು ಸಮುದ್ರದ ನೀರಾಗದು. ಅಡುಗೆ ಉಪ್ಪು ಕರಗಿಸಿದರೂ ಆಗದು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅದರಲ್ಲಿ ಕ್ಯಾಲ್ಸಿಯಂ ಸುಮಾರು 400 ಮಿಲಿಗ್ರಾಂ, ಮೆಗ್ನೀಸಿಯಂ ಅದರ ಮೂರು ಪಟ್ಟು. ಇನ್ನೂ ಅನೇಕ ಅಂಶಗಳು ಅಳತೆಗೆ ತಕ್ಕಂತೆ ಬೆರೆತಿವೆ. ಆ ಅಳತೆಯಲ್ಲೇ ತಯಾರಿಸಿದ ಉಪ್ಪನ್ನು ಕೊಂಡು ಆರ್‌ಓ ಯಂತ್ರದಲ್ಲಿ ಶುದ್ಧಮಾಡಿದ ನೀರಿನಲ್ಲಿ ಕಲಸಬೇಕು. 200 ಲೀಟರಿನ ತೊಟ್ಟಿಗೆ ಸುಮಾರು 7 ಕಿಲೋ ಉಪ್ಪು ಬೇಕು. ನೀರಿನ ಭಾರವೇ 200 ಕಿಲೋ. ಗಾಜು, ಕಲ್ಲು, ಮರಳು ಸೇರಿದರೆ ಗಟ್ಟಿಯಾದ ಕಟ್ಟೆ ಇಲ್ಲದೆ ನಿಲ್ಲದು.

ನೀರಿನ ಉಷ್ಣತೆ 24ರಿಂದ 27 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು. ನಮ್ಮ ಕಡೆಯ ಬೇಸಗೆ 40 ಡಿಗ್ರಿ ದಾಟುತ್ತದೆ. ನೀರನ್ನು ತಂಪಾಗಿಸುವ ಯಂತ್ರ ಬೇಕು, ನೀರನ್ನು ಸದಾ ಆಡಿಸುವ ಪಂಪು ಬೇಕು, ಕರೆಂಟು ಹೋದಾಗ ಅವುಗಳನ್ನು ನಡೆಸುವ ವ್ಯವಸ್ಥೆ ಬೇಕು. ಪಂಪು ಕೆಲವು ತಾಸು ನಿಂತರೆ ನೀರಿನಲ್ಲಿ ಉಸಿರಿಗೆ ಬೇಕಾದ ಗಾಳಿ ಕಡಿಮೆಯಾಗುತ್ತದೆ. ಸಮುದ್ರದಲ್ಲಿ ಮೀನಿಗೆ ದೇವರ ವ್ಯವಸ್ಥೆ ಇದೆ. ನಿಮ್ಮ ಪಡಸಾಲೆಯಲ್ಲಿ ಅದರ ಗಾಳಿ, ತಂಪು, ಬೆಳಕು, ಆಹಾರ ಎಲ್ಲವೂ ನಿಮ್ಮ ಜವಾಬ್ದಾರಿ. ಹಬ್ಬಕ್ಕೆ ಊರಿಗೆ ಹೋದರೂ ಆ ಜವಾಬ್ದಾರಿ ಬಿಟ್ಟದ್ದಲ್ಲ.

ಏನೂ ಕಾಣದ ವಾರಗಳು

ತೊಟ್ಟಿ ಬಂತು, ಕಲ್ಲು ಜೋಡಿಸಿದ್ದಾಯಿತು, ನೀರು ತುಂಬಿತು. ಇನ್ನು ಮೀನು ಬಿಡೋಣವೇ? ಬೇಡ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕಾಯಬೇಕು. ಮೀನಿನ ಹೊಲಸಿನಿಂದ, ಉಳಿದ ಆಹಾರದಿಂದ ಅಮೋನಿಯ ಎಂಬ ವಿಷ ಹುಟ್ಟುತ್ತದೆ. ಕಣ್ಣಿಗೆ ಕಾಣದ ಒಂದು ಬಗೆಯ ಜೀವಾಣು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯ ಜೀವಾಣು ಅದನ್ನು ಹೆಚ್ಚು ಹಾನಿಯಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಜೀವಾಣುಗಳು ಕಲ್ಲಿನ ಮೇಲೆ, ಮರಳಿನಲ್ಲಿ ನೆಲೆಗೊಳ್ಳುವವರೆಗೆ ತೊಟ್ಟಿ ಖಾಲಿಯಾಗಿ ಕಾಣುತ್ತದೆ. ನೆಂಟರು ಬಂದು, “ಇಷ್ಟು ಖರ್ಚು ಮಾಡಿ ಬರೀ ಕಲ್ಲು, ನೀರು ಇಟ್ಟೀರಲ್ಲ!” ಎನ್ನುತ್ತಾರೆ. ಆ ಮಾತಿಗೆ ನಾಚಿ ಮೀನು ತಂದು ಬಿಟ್ಟವರು ಕೆಲವೇ ದಿನಗಳಲ್ಲಿ ಸತ್ತ ಮೀನನ್ನು ಎತ್ತಬೇಕಾಗುತ್ತದೆ.

ನಮ್ಮ ಪ್ರಭು ಸುಮಾರು ಮೂವತ್ತು ವರ್ಷ ನಜರೇತಿನಲ್ಲಿ ಮರೆಯಾಗಿ ಬಾಳಿದರು. ಆ ವರ್ಷಗಳಲ್ಲಿ ಜನರು ಕಂಡದ್ದು ಒಬ್ಬ ಬಡಗಿಯ ಮಗನನ್ನು ಮಾತ್ರ. ನಾವೋ, ಕುಡಿತ ಬಿಟ್ಟು ಮನೆಗೆ ಬಂದ ಗಂಡನಿಂದ ಎರಡೇ ವಾರದಲ್ಲಿ ಹೊಸ ಮನುಷ್ಯನನ್ನು ಬಯಸುತ್ತೇವೆ. ಮದುವೆಯಾಗಿ ಬಂದ ಸೊಸೆ ಮೊದಲ ತಿಂಗಳಲ್ಲೇ ಮನೆಯವಳಾಗಬೇಕೆನ್ನುತ್ತೇವೆ. ಪರೀಕ್ಷೆಯಲ್ಲಿ ನಪಾಸಾದ ಮಗ ಪುಸ್ತಕ ಹಿಡಿದ ಮರುದಿನವೇ ಅಂಕ ಕೇಳುತ್ತೇವೆ. ಕೃಪೆ ಕೆಲಸ ಮಾಡುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಕಡೆಯಲ್ಲಿ. ಅಲ್ಲಿ ಅವಸರಪಟ್ಟರೆ ಕೊಲ್ಲುವವರು ನಾವೇ.

ಆರುವುದು ಯಾವುದು, ಉಳಿಯುವುದು ಯಾವುದು?

ಈಗ ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ತೊಟ್ಟಿಯ ನೀರು ದಿನದಿನವೂ ಆರುತ್ತದೆ. 200 ಲೀಟರಿನ ತೊಟ್ಟಿಯಲ್ಲಿ ದಿನಕ್ಕೆ ಒಂದೆರಡು ಲೀಟರ್, ಬೇಸಗೆಯಲ್ಲಿ ಇನ್ನೂ ಹೆಚ್ಚು. ಕಡಿಮೆಯಾದ ನೀರಿಗೆ ಏನು ಸುರಿಯಬೇಕು? ಉಪ್ಪುನೀರಿನ ತೊಟ್ಟಿಗೆ ಉಪ್ಪುನೀರು ಎಂದು ಹೊಸಬರು ಹೇಳುತ್ತಾರೆ. ಆದರೆ ಆವಿಯಾಗಿ ಹೋಗುವುದು ಸಿಹಿನೀರು ಮಾತ್ರ; ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ದಿನವೂ ಉಪ್ಪುನೀರು ಸುರಿಯುತ್ತ ಹೋದರೆ ಉಪ್ಪು ಏರುತ್ತ ಏರುತ್ತ, ಒಂದು ದಿನ ಸಮುದ್ರದ ಜೀವಿಯೇ ಆ ಉಪ್ಪಿನಲ್ಲಿ ಬಾಳಲಾರದೆ ಹೋಗುತ್ತದೆ. ಆದ್ದರಿಂದ ಪ್ರತಿದಿನ ಸುರಿಯಬೇಕಾದದ್ದು ಶುದ್ಧವಾದ ಸಿಹಿನೀರು.

ಪ್ರಿಯರೇ, ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ದಿನದ ಬಿಸಿಲಿಗೆ, ದುಡಿಮೆಗೆ, ಸಾಲದ ಚಿಂತೆಗೆ ಮೊದಲು ಆರಿಹೋಗುವುದು ಸಿಹಿ. ನಗು ಆರುತ್ತದೆ, ತಾಳ್ಮೆ ಆರುತ್ತದೆ, ಒಬ್ಬರನ್ನೊಬ್ಬರು ಕೂಗಿ ಊಟಕ್ಕೆ ಕರೆಯುವ ಅಭ್ಯಾಸ ಆರುತ್ತದೆ. ಉಪ್ಪು ಮಾತ್ರ ಆರುವುದಿಲ್ಲ. ಮದುವೆಯಲ್ಲಿ ಕೊಡದೆ ಉಳಿದ ಬಂಗಾರ, ಅಣ್ಣತಮ್ಮಂದಿರ ಹೊಲದ ಪಾಲು, ಎಂದೋ ಅತ್ತೆ ಆಡಿದ ಒಂದು ಮಾತು ಹತ್ತು ವರ್ಷವಾದರೂ ತಳದಲ್ಲಿ ಹಾಗೇ ಇರುತ್ತವೆ. ಸಂಜೆ ಮನೆಗೆ ಬಂದವರು ನೀರು ಕಡಿಮೆಯಾಗಿದೆ ಎಂದು ಕಂಡೊಡನೆ ಏನು ಸುರಿಯುತ್ತಾರೆ? ಇನ್ನೊಂದು ಹಿಡಿ ಉಪ್ಪು! “ನಿಮ್ಮ ತವರವರು ಅಂದು ಮಾಡಿದ್ದು ಮರೆತಿಲ್ಲ” ಎನ್ನುವ ಮಾತು ಹೊಸ ಉಪ್ಪೇ.

ಉಪ್ಪು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಉಪ್ಪಿಲ್ಲದೆ ಆ ಮೀನು ಬದುಕದು. ನಮ್ಮನ್ನು ಧರೆಯ ಉಪ್ಪೆಂದು ಕರೆದವರು ಪ್ರಭುವೇ. ಮನೆಯಲ್ಲಿ ಗದರಿಕೆ ಬೇಕು, ನೇರ ಮಾತೂ ಬೇಕು. ಆದರೆ ಅಳತೆಯಲ್ಲಿ ಬೇಕು. ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದಲ್ಲಿ ಸಿಟ್ಟನ್ನು ಸೂರ್ಯ ಮುಳುಗಿದ ಮೇಲೂ ಇಟ್ಟುಕೊಳ್ಳಬಾರದೆಂದು ಬುದ್ಧಿ ಹೇಳಿದ್ದು ಇದಕ್ಕೇ. ಸಂಜೆ ಮನೆಮಂದಿ ಕೂಡಿ ಜಪಸರ ಹೇಳುವ ಹತ್ತಿಪ್ಪತ್ತು ನಿಮಿಷ, ಆ ದಿನ ಆರಿದ ಸಿಹಿಯನ್ನು ತುಂಬಿಕೊಳ್ಳುವ ಸಮಯ.

ಇನ್ನೊಂದು ಮಾತು. ಸಿಹಿನೀರು ಸುರಿದರೂ ತಳದಲ್ಲಿ ನೈಟ್ರೇಟ್ ಕೂಡುತ್ತ ಹೋಗುತ್ತದೆ. ಅದಕ್ಕಾಗಿ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹತ್ತರಲ್ಲೊಂದು ಪಾಲು ಹಳೆ ನೀರನ್ನು ತೆಗೆದು ಹೊಸದಾಗಿ ಕಲಸಿದ ಸಮುದ್ರದ ನೀರನ್ನು ತುಂಬುತ್ತಾರೆ. ಪಾಪನಿವೇದನೆಯ ಸಂಸ್ಕಾರವನ್ನು ವರ್ಷಕ್ಕೊಮ್ಮೆ ತಪಸ್ಸುಕಾಲಕ್ಕೆ ಮಾತ್ರ ನೆನೆಯುವವರು ಇದನ್ನು ಯೋಚಿಸಲಿ. ಮೇಲೆ ತಿಳಿಯಾಗಿ ಕಾಣುವ ನೀರೂ ಒಳಗೆ ಭಾರವಾಗಿರಬಹುದು.

ಹವಳ ಯಾರ ಸೊತ್ತು?

ಹವಳವೆಂದರೆ ನಮ್ಮ ತಾಯಂದಿರಿಗೆ ಸರದಲ್ಲಿ ಪೋಣಿಸುವ ಕೆಂಪು ಮಣಿ. ಕಡಲಲ್ಲಿ ಅದು ಜೀವಿ. ದಿಬ್ಬ ಕಟ್ಟುವ ಹವಳದ ಮೈಯೊಳಗೆ ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಹವಳ ಅದಕ್ಕೆ ಮನೆ ಕೊಡುತ್ತದೆ. ಪಾಚಿ ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೆ ಉಣಿಸುತ್ತದೆ. ಸಮುದ್ರದ ಬಿಸಿ ಮಾಮೂಲಿಗಿಂತ ಒಂದೇ ಡಿಗ್ರಿ ಹೆಚ್ಚಿ ಕೆಲವು ವಾರ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಹವಳ ಕೂಡಲೇ ಸಾಯುವುದಿಲ್ಲ. ಬಿಸಿ ಬೇಗ ಇಳಿದರೆ ಪಾಚಿ ಮರಳಿ ಬಂದು ಅದು ಚೇತರಿಸಿಕೊಳ್ಳಬಲ್ಲದು. 2024ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ವ್ಯಾಪಕವಾಗಿ ಬಿಳಿಚಿದವು. ನಮ್ಮ ಕರ್ನಾಟಕದಲ್ಲೇ, ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ.

ಹಾಗಾದರೆ ಅಲ್ಲಿಂದ ಒಂದು ತುಂಡು ತಂದು ತೊಟ್ಟಿಯಲ್ಲಿ ಇಡಬಹುದೇ? ಖಂಡಿತ ಕೂಡದು. ದಿಬ್ಬ ಕಟ್ಟುವ ಎಲ್ಲ ಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಕಡಲಿನಿಂದ ಕಿತ್ತು ಮಾರಿದವನಿಗೆ ಮೂರರಿಂದ ಏಳು ವರ್ಷದ ಸೆರೆವಾಸವಾಗಬಹುದು. ಕಡಲಕುದುರೆಯೂ ಇದೇ ಪಟ್ಟಿಯಲ್ಲಿದೆ. ವಿದೇಶದಿಂದ ಬಂದ ಹವಳವೆಂದು ಅಂಗಡಿಯವನು ಹೇಳಿದರೆ ಆಮದಿನ ಕಾಗದಪತ್ರ ಕೇಳಿ. 2022ರ ತಿದ್ದುಪಡಿಯಂತೆ ಅದನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಕಾಗದವಿಲ್ಲದಿದ್ದರೆ ಬರಿಗೈಯಲ್ಲಿ ಹಿಂದಿರುಗಿ. ಕೃತಕ ಕಲ್ಲು ಜೋಡಿಸಿ, ಸಾಕಣೆಯಲ್ಲಿ ಹುಟ್ಟಿದ ಮೀನನ್ನಷ್ಟೇ ಬಿಟ್ಟರೂ ತೊಟ್ಟಿ ಚೆಂದವೇ. ಕ್ಲೌನ್ ಮೀನನ್ನು ಸಾಕಣೆಯಲ್ಲೇ ಮರಿಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಆ ಮೀನಿನ ಗಂಡು ಮೊಟ್ಟೆಗಳ ಬಳಿಯೇ ನಿಂತು, ಸುಮಾರು ಒಂದು ವಾರ ರೆಕ್ಕೆಯಿಂದ ಗಾಳಿ ಬೀಸಿ ಕಾಯುತ್ತದೆ. ಮಕ್ಕಳ ಜವಾಬ್ದಾರಿ ತಾಯಿಯದೊಂದೇ ಎನ್ನುವ ತಂದೆಯರು ಒಮ್ಮೆ ನೋಡಬೇಕಾದ ದೃಶ್ಯ.

ಕಾನೂನಿಗಿಂತಲೂ ಹಿರಿದಾದ ಕಾರಣವಿದೆ. ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕೆ. ಯಾವ ಒಂದು ಸೃಷ್ಟಿಯೂ ದೇವರ ಒಳ್ಳೆಯತನವನ್ನು ಪೂರ್ಣವಾಗಿ ತೋರಿಸಲಾರದು. ಆದ್ದರಿಂದ ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತುಂಬಲೆಂದು ದೇವರು ನಾನಾ ಜೀವಿಗಳನ್ನು ಉಂಟುಮಾಡಿದರು ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸರು ಈ ಬೋಧನೆಯನ್ನು ನೆನಪಿಸಿ, ಸಾಯುತ್ತಿರುವ ಹವಳದ ದಿಬ್ಬಗಳ ಬಗ್ಗೆಯೂ ನೋವಿನಿಂದ ಬರೆದರು. ಹವಳದಲ್ಲಿ ದೇವರು ಹೇಳಿದ ಮಾತೊಂದಿದೆ. ಅದನ್ನು ಕಿತ್ತರೆ ಆ ಮಾತು ನಿಂತುಹೋಗುತ್ತದೆ.

ಪಕ್ಕದ ಮನೆಯ ಕೊಡ

ಕೊನೆಯದಾಗಿ, ನಮ್ಮ ಊರಿನ ಮಾತು. ಬೇಸಗೆಯಲ್ಲಿ ಕೊಡ ಹಿಡಿದು ಸರದಿಯಲ್ಲಿ ನಿಲ್ಲುವ ತಾಯಂದಿರಿರುವ ಸೀಮೆ ನಮ್ಮದು. ಮನೆಯ ಆರ್‌ಓ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಎರಡು ಮೂರು ಲೀಟರನ್ನು ಹೊರಗೆ ಬಿಡುತ್ತದೆ. ಆ ನೀರನ್ನು ಪಾತ್ರೆ ತೊಳೆಯಲು, ನೆಲ ಒರೆಸಲು ಹಿಡಿದಿಡದವನಿಗೆ ಈ ತೊಟ್ಟಿ ತಕ್ಕದ್ದಲ್ಲ. ಪಕ್ಕದ ಮನೆಯವರ ಕೊಡ ಬರಿದಾಗಿರುವಾಗ ನಮ್ಮ ಪಡಸಾಲೆಯ ಸಮುದ್ರ ತುಂಬಿ ತುಳುಕಿದರೆ, ಆ ನೀಲಿಬೆಳಕು ನಮ್ಮ ಆತ್ಮಕ್ಕೆ ಹಿತವಲ್ಲ.

ಅಂದಮಾತ್ರಕ್ಕೆ ಅಂದವಾದದ್ದಕ್ಕೆ ಮಾಡಿದ ಖರ್ಚೆಲ್ಲ ಪಾಪವೆಂದಲ್ಲ. ಬೆಥಾನಿಯದಲ್ಲಿ ಮರಿಯಳು ಬೆಲೆಬಾಳುವ ಸುಗಂಧತೈಲವನ್ನು ಪ್ರಭುವಿನ ಪಾದಕ್ಕೆ ಹಚ್ಚಿದಾಗ ಬಡವರ ಹೆಸರು ಹೇಳಿ ಆಕ್ಷೇಪಿಸಿದವನು ಯೂದನು. ಪ್ರಭು ಅವಳ ಪರವಾಗಿ ನಿಂತರು. ಆದ್ದರಿಂದ ತೀರ್ಪು ಕೊಡುವ ಬದಲು ಮೂರು ಪ್ರಶ್ನೆಗಳನ್ನು ಮನೆಮಂದಿಯೆಲ್ಲ ಕೂಡಿ ಕೇಳಿಕೊಳ್ಳಿ. ಬೇಸರ ಬಂದ ದಿನವೂ ನಾವು ಇದನ್ನು ನೋಡಿಕೊಳ್ಳಬಲ್ಲೆವೇ? ಇದರಲ್ಲಿರುವ ಪ್ರತಿ ಜೀವಿಯೂ ಪ್ರಾಮಾಣಿಕ ದಾರಿಯಿಂದ ಬಂದಿದೆಯೇ? ಇದರ ಸಂತೋಷಕ್ಕೆ ಓಣಿಯ ಮಕ್ಕಳಿಗೂ ಬಾಗಿಲು ತೆರೆದಿದೆಯೇ? ಮೂರಕ್ಕೂ ಹೌದೆಂದರೆ ದೇವರ ಹೆಸರಿನಲ್ಲಿ ಆರಂಭಿಸಿ. ಇಲ್ಲವೆಂದರೆ ಮಾಳಿಗೆಯ ಮೇಲೆ ಹಕ್ಕಿಗಳಿಗೆ ಒಂದು ಮಣ್ಣಿನ ಬೋಗುಣಿಯಲ್ಲಿ ನೀರಿಡಿ, ದಿನವೂ ಮಗನ ಕೈಯಿಂದಲೇ ತುಂಬಿಸಿ. ಕಾಯುವುದನ್ನು ಕಲಿಯಲು ಅದೂ ಸಾಕು.

ಪ್ರಾರ್ಥನೆ: ಕಡಲನ್ನೂ ಕರಿನೆಲವನ್ನೂ ಉಂಟುಮಾಡಿದ ದೇವರೇ, ನಮ್ಮ ಕೈಗೆ ಒಪ್ಪಿಸಿದ ಜೀವಗಳನ್ನು ಕಾಯುವ ತಾಳ್ಮೆಯನ್ನು ನಮಗೆ ಕೊಡಿ. ನಮ್ಮ ಮನೆಯಲ್ಲಿ ಇಂದು ಆರಿಹೋದ ಸಿಹಿಯನ್ನು ಈ ಸಂಜೆಯೇ ತುಂಬಿಸಿರಿ. ಆಮೆನ್.