ಬಿಡಿ ಸ್ವರ, ಇಡಿ ನಾದ

ಬಿಡಿಭಾಗಗಳು ಕೂಡಿದಾಗ ದೊರೆಯುವುದು ಅವುಗಳ ರಾಶಿ ಮಾತ್ರವೇ, ಅಥವಾ ಅವುಗಳಿಗಿಂತ ಬೇರೆಯಾದ ಇಡಿಯೊಂದು ಅಲ್ಲಿ ಹುಟ್ಟುತ್ತದೆಯೇ ಎಂಬ ಪ್ರಶ್ನೆ ನೈಯಾಯಿಕರನ್ನೂ ಬೌದ್ಧರನ್ನೂ ಶತಮಾನಗಳ ಕಾಲ ವಾದಕ್ಕೆಳೆಯಿತು. ಅವಯವಗಳಲ್ಲಿ ನೆಲೆಸಿಯೂ ಅವುಗಳಿಂದ ಭಿನ್ನವಾದ 'ಅವಯವಿ' ಇದ್ದೇ ಇದೆ ಎಂದು ನೈಯಾಯಿಕರು ಸಾಧಿಸಿದರೆ, ಇರುವುದು ಸಂಘಾತವಷ್ಟೇ, ಇಡಿ ಎಂಬುದು ಬುದ್ಧಿ ಕಟ್ಟಿಕೊಂಡ ವ್ಯವಹಾರ ಎಂದು ಬೌದ್ಧರು ಉತ್ತರಿಸಿದರು. ನ್ಯಾಯದರ್ಶನದಲ್ಲಿ ಶಬ್ದವು ಆಕಾಶದ ಗುಣವೇ ಹೊರತು ದ್ರವ್ಯವಲ್ಲವಾದ್ದರಿಂದ ಅದನ್ನು ಅವಯವಿ ಎನ್ನಲು ಶಾಸ್ತ್ರ ಒಪ್ಪದು. ಆದರೂ ಈ ವಾದದ ಸ್ವರೂಪವನ್ನು ನಾದಕ್ಕೆ ಅನ್ವಯಿಸಿ ನೋಡಲು ಹಳೆಯ ವಿದ್ಯುತ್ ಆರ್ಗನ್ ಬಹಳ ಒಳ್ಳೆಯ ನಿದರ್ಶನವಾಗಿದೆ.

ಅಮೆರಿಕದ ಲಾರೆನ್ಸ್ ಹ್ಯಾಮಂಡ್ 1934ರಲ್ಲಿ ಪೇಟೆಂಟ್ ಪಡೆದು ಮರುವರ್ಷ ಮಾರಾಟಕ್ಕಿಟ್ಟ ಆರ್ಗನ್, ಕೊಳವೆಗಳ ದುಬಾರಿ ಆರ್ಗನ್ನನ್ನು ಕೊಳ್ಳಲಾಗದ ಅನೇಕ ಚರ್ಚುಗಳಿಗೆ ಒದಗಿತು. ಮುಂದೆ ಆಫ್ರಿಕನ್ ಅಮೆರಿಕನ್ನರ ಗಾಸ್ಪೆಲ್ ಆರಾಧನೆಯಲ್ಲಿ ಬೋಧಕನ ಮಾತಿಗೆ ಮರುದನಿಗೊಡುವ ವಾದ್ಯವಾಗಿ ನೆಲೆಯೂರಿತು. ಅದರೊಳಗೆ ಟೋನ್‌ವೀಲ್ ಎಂಬ ಲೋಹದ ಚಕ್ರಗಳು ಆಯಸ್ಕಾಂತದ ಮುಂದೆ ತಿರುಗಿ ಸರಳ ಸ್ವರಗಳನ್ನು ಹುಟ್ಟಿಸುತ್ತವೆ, ಡ್ರಾಬಾರ್ ಎಂಬ ಒಂಬತ್ತು ಎಳೆಪಟ್ಟಿಗಳು ಅವುಗಳನ್ನು ಬೇಕಾದ ಪ್ರಮಾಣದಲ್ಲಿ ಬೆರೆಸುತ್ತವೆ. ಡಾನ್ ಲೆಸ್ಲಿ 1940ರ ದಶಕದ ಆರಂಭದಲ್ಲಿ ಹೊರತಂದ ಸ್ಪೀಕರಿನಲ್ಲಿ, ಮೇಲಿನ ಸ್ವರಗಳನ್ನು ಹೊರಸೂಸುವ ಕಹಳೆಯು ವೇಗದ ಗತಿಯಲ್ಲಿ ನಿಮಿಷಕ್ಕೆ ಸುಮಾರು 400 ಸುತ್ತು ತಿರುಗುವುದರಿಂದ, ದನಿಯು ಕೇಳುಗನತ್ತ ಬಂದು ದೂರ ಸರಿದು ಸ್ಥಾಯಿಯಲ್ಲೂ ಬಲದಲ್ಲೂ ಅಲೆಯಾಡುತ್ತದೆ. ಹ್ಯಾಮಂಡ್ ಅದನ್ನು ಮೆಚ್ಚಲಿಲ್ಲ. ಕೀಲಿ ಒತ್ತಿದಾಗ ಕೇಳುವ 'ಟಿಕ್' ಸದ್ದೂ ತಯಾರಕರ ಕಣ್ಣಿಗೆ ದೋಷವೇ ಆಗಿತ್ತು. ವಾದಕರು ಎರಡನ್ನೂ ಬಿಟ್ಟುಕೊಡಲಿಲ್ಲ.

ಈಗ ಈ ವಾದ್ಯವನ್ನು ಸ್ಯಾಂಪಲ್‌ಗಳಿಂದ, ಅಂದರೆ ಒಂದೊಂದೇ ಕೀಲಿಯ ಧ್ವನಿಮುದ್ರಣಗಳಿಂದ, ಕಂಪ್ಯೂಟರಿನಲ್ಲಿ ಕಟ್ಟುವಾಗ ತತ್ತ್ವದ ತೊಡಕು ಕಿವಿಗೇ ಕೇಳಿಸುತ್ತದೆ. ಲೆಸ್ಲಿಯ ತಿರುಗಾಟವನ್ನೂ ಸೇರಿಸಿ ಪ್ರತಿ ಸ್ವರವನ್ನು ಮುದ್ರಿಸಿದರೆ, ಮೂರು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಮೂರು ಕಹಳೆಗಳು ಮೂರು ದಿಕ್ಕಿಗೆ ಮುಖಮಾಡಿ ತಿರುಗಿದಂತಾಗುತ್ತದೆ. ನಿಜವಾದ ಪೆಟ್ಟಿಗೆಯಲ್ಲಿ ತಿರುಗುವುದು ಒಂದೇ ಕಹಳೆ, ಎಲ್ಲ ಸ್ವರಗಳೂ ಅದರ ಒಂದೇ ಗತಿಗೆ ಒಳಪಡುತ್ತವೆ. ವಾಲ್ವ್ ಆಂಪ್ಲಿಫೈಯರ್ ತನ್ನ ಮಿತಿ ಮೀರಿದಾಗ ಬರುವ ಒರಟುತನ ಇನ್ನೂ ಗಹನವಾದದ್ದು: ಅಲ್ಲಿ ಸ್ವರಗಳು ಪರಸ್ಪರ ಕಲೆತು, ಅವುಗಳ ಕಂಪನಸಂಖ್ಯೆಗಳ ಮೊತ್ತ ಮತ್ತು ವ್ಯತ್ಯಾಸಗಳಿಗೆ ಸಮನಾದ ಹೊಸ ಸ್ವರಗಳು ಏಳುತ್ತವೆ, ಇವು ಯಾವ ಬಿಡಿ ಕೀಲಿಯ ಮುದ್ರಣದಲ್ಲಿಯೂ ಸಿಗುವುದಿಲ್ಲ. ಆದ್ದರಿಂದಲೇ ಬಲ್ಲವರು ಸ್ವರಗಳನ್ನು ಲೆಸ್ಲಿಯ ಸೋಂಕಿಲ್ಲದೆ ಮುದ್ರಿಸಿ, ಅವೆಲ್ಲ ಕೂಡಿದ ಮೇಲೆ ಮೊದಲು ಒರಟುತನದ, ಬಳಿಕ ತಿರುಗಾಟದ ಎಫೆಕ್ಟನ್ನು ಹಾಯಿಸುತ್ತಾರೆ.

ಇದನ್ನು ಕಂಡು ನೈಯಾಯಿಕರು ಗೆದ್ದರೆಂದು ಸಾರುವುದು ಅವಸರವಾದೀತು. ಕೂಡಿದ ಸ್ವರಗಳ ಮೇಲೆ ನಡೆಯುವುದೂ ಲೆಕ್ಕಾಚಾರವೇ. ಅಲ್ಲಿ ಹೊಸ ವಸ್ತುವೇನೂ ಸೇರುವುದಿಲ್ಲ, ಕಾರಣಸಾಮಗ್ರಿ ಒದಗಿದೊಡನೆ ಕಾರ್ಯ ಉಂಟಾಗುತ್ತದೆ ಎಂದು ಬೌದ್ಧರು ಹೇಳಿದರೆ ಅದನ್ನು ಅಲ್ಲಗಳೆಯುವುದು ಕಷ್ಟ. ಆದರೆ ಬಿಡಿಗಳನ್ನು ಪೂರ್ತಿ ಅರಿತರೆ ಇಡಿಯನ್ನು ಅರಿತಂತೆಯೇ ಎಂಬ ನಂಬಿಕೆಗೆ ಮಾತ್ರ ಇಲ್ಲಿ ಎಡೆಯಿಲ್ಲ. ಹ್ಯಾಮಂಡ್ ನಾದದ ಸ್ವಭಾವವಿರುವುದು ಸ್ವರಗಳಲ್ಲಿ ಅಲ್ಲ, ಅವು ಒಂದೇ ದಾರಿಯಲ್ಲಿ ಹಾಯುವಾಗ ಪರಸ್ಪರರ ಮೇಲೆ ಮಾಡುವ ಪರಿಣಾಮದಲ್ಲಿ; ಆ ಸಂಬಂಧವನ್ನು ಬರಿಯ ಹೆಸರೆಂದು ತಳ್ಳಿಹಾಕುವ ವಾದ ಈ ನಾದದ ಮುಂದೆ ನಿಲ್ಲುವುದಿಲ್ಲ.